ಇವಿ ಚಾರ್ಜಿಂಗ್ ಪಾಯಿಂಟ್: ಚಾರ್ಜ್ ಆಯ್ತಾ, ಗಾಡಿ ತೆಗೀರಿ

ತಾಲ್ಲೂಕು ಕೇಂದ್ರಗಳಲ್ಲಿ ಚಾರ್ಜಿಂಗ್ ಪಾಯಿಂಟ್ ಅಂದ್ರೆ ಹೆಚ್ಚಾಗಿ ಒಂದೋ ಎರಡೋ ಗನ್ ಅಷ್ಟೇ. ಒಬ್ಬರು ಗಾಡಿ ಹಾಕಿ ಸಂತೆಗೆ ಹೋದರೆ ಹಿಂದಿನವರ ಪ್ರಯಾಣವೇ ನಿಂತ ಹಾಗೆ.

ಫಾಸ್ಟ್ ಚಾರ್ಜರ್‌ನಲ್ಲಿ ಕಾರಿನ ಚಾರ್ಜ್ ಶೇ 80 ದಾಟಿದ ಮೇಲೆ ನಿಧಾನವಾಗುತ್ತದೆ. ಬ್ಯಾಟರಿ ಹಾಳಾಗದಿರಲಿ ಎಂದು ಗಾಡಿಯೇ ಕರೆಂಟ್ ಎಳೆಯುವುದನ್ನು ತಗ್ಗಿಸುತ್ತದೆ. ಹಾಗಾಗಿ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ಬಿಟ್ಟುಕೊಡುವುದು ವಾಡಿಕೆ. ದೂರ ಹೋಗುವವರು, ಮುಂದೆ ದಾರಿಯಲ್ಲಿ ಪಾಯಿಂಟ್ ಸಿಗದವರು ಇದ್ದರೆ ಮಾತಾಡಿಕೊಳ್ಳಬೇಕು.

ಬೇರೆಯವರ ಗನ್ ಕೀಳುವ ಹಾಗಿಲ್ಲ. ಕಾರು ಚಾರ್ಜ್ ಆಗುವಾಗ ಅದು ಲಾಕ್ ಆಗಿರುತ್ತದೆ. ಎಳೆದು ಮುರಿದರೆ ಊರಿಗೇ ಗನ್ ಇಲ್ಲ. ಗಾಡಿ ಬಿಟ್ಟು ಹೋಗುವವರು ಫೋನ್ ನಂಬರ್ ಬರೆದ ಚೀಟಿಯನ್ನು ಮುಂದಿನ ಗ್ಲಾಸಿನ ಹತ್ತಿರ ಇಟ್ಟರೆ ಅರ್ಧ ಜಗಳ ಇರಲ್ಲ. ಚಾರ್ಜ್ ಮುಗಿದರೂ ತೆಗೆಯದ ಗಾಡಿಗೆ ನಿಮಿಷದ ಲೆಕ್ಕದಲ್ಲಿ ಹಣ ಹಾಕುವ ಕಂಪನಿಗಳೂ ಇವೆ.

ಪೆಟ್ರೋಲ್, ಡೀಸೆಲ್ ಗಾಡಿಗೆ ಅಲ್ಲಿ ಜಾಗವಿಲ್ಲ. ‘ಐದೇ ನಿಮಿಷ, ಲೋಡ್ ಇಳಿಸ್ತೀನಿ’ ಅನ್ನುವವರಿಂದ ಚಾರ್ಜಿಗೆ ಕಾದು ನಿಂತ ಆಟೊದವರ ಒಂದು ಬಾಡಿಗೆ ಹೋಗುತ್ತದೆ. ಅಂಗಡಿಯವರು ಕೇಬಲ್ ಮೇಲೆ ಮೂಟೆ, ಕ್ರೇಟ್ ಇಡುವುದಂತೂ ಅಪಾಯ.

ಅಂಗಡಿ ಮುಂದೆ ತಾವೇ ಪಾಯಿಂಟ್ ಹಾಕಿಸಲು ಲೈಸೆನ್ಸ್ ಬೇಕಿಲ್ಲ; ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆದರೆ ಹಳೇ ಮೀಟರ್‌ನಿಂದಲೇ ವೈರ್ ಎಳೆಯಬೇಡಿ. ಇವಿ ಚಾರ್ಜಿಂಗ್‌ಗೆ ಬೇರೆ ದರ ಇದೆ. ಕನೆಕ್ಷನ್, ಲೋಡ್ ಎರಡನ್ನೂ ಎಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಯಂತ್ರ ಕೆಟ್ಟಿದ್ದರೆ ಅದರ ಮೇಲೆ ಬರೆದಿರುವ ಸಹಾಯವಾಣಿಗೆ ತಿಳಿಸಿ, ಒಂದು ಚೀಟಿ ಅಂಟಿಸಿ ಹೋಗಿ. ರಾತ್ರಿ ಶೇ 5 ಚಾರ್ಜ್ ಇಟ್ಟುಕೊಂಡು ಬರುವವರಿಗೆ ಅಷ್ಟೇ ಸಾಕು.