ಶಿವಮೊಗ್ಗ ಸೀಮೆಯಲ್ಲಿ ಸಾರವೆ, ಸೆಂಟ್ರಿಂಗ್, ಕ್ರೇನ್

ಹಸಿ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹಿಡಿದಿಡುವ ಅಚ್ಚೇ ಸೆಂಟ್ರಿಂಗ್. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ಹೊಸಮನೆ ಬಡಾವಣೆಯಂಥ ಕಡೆ ಏಳುವ ಮನೆಗಳಿಗೆ ತಗಡಿನ ಶೀಟು, ಕೆಳಗೆ ನೀಲಗಿರಿ ಗಳ ಇಲ್ಲವೇ ಕಬ್ಬಿಣದ ಜಾಕ್ ಸಾಕು. ತಾರಸಿ ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿ ಮುಂದಿನ ಮನೆಗೆ ಒಯ್ಯುತ್ತಾರೆ. ಗೋಡೆ ನೂರಾರು ಅಡಿ ಏರಬೇಕಾದರೆ ನೆಲದಿಂದ ಗಳ ಕೊಡಲಾಗದು. ಅಚ್ಚು ಗೋಡೆಯನ್ನೇ ಹಿಡಿದು ಹತ್ತಬೇಕು.

ಈ ಸೀಮೆಗೆ ಭಾರ ಸಾಗಿಸುವ ದೊಡ್ಡ ಯಂತ್ರಗಳು ಬಂದದ್ದು ಮನೆ ಕಟ್ಟಲು ಅಲ್ಲ, ಕಬ್ಬಿಣಕ್ಕಾಗಿ. 1923ರಲ್ಲಿ ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದಿಂದ ರೋಪ್‌ವೇಯಲ್ಲಿ ತಣಿಗೇಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಕಾರ್ಖಾನೆ ಸೇರುತ್ತಿತ್ತು. 1930ರ ದಶಕದಲ್ಲಿ ಅಲ್ಲೇ ಉಕ್ಕೂ ಸಿಮೆಂಟೂ ತಯಾರಾದವು.

ಸಿಮೆಂಟ್ ಹತ್ತಿರವೇ ಸಿಕ್ಕರೂ ಈ ಭಾಗದ ದೊಡ್ಡ ಅಣೆಕಟ್ಟುಗಳು ಕಾಂಕ್ರೀಟಿನವಾಗಲಿಲ್ಲ. ಲಕ್ಕವಳ್ಳಿಯ ಭದ್ರಾ (ಎತ್ತರ ಸುಮಾರು 59 ಮೀಟರ್) ಮತ್ತು 1964ರ ಲಿಂಗನಮಕ್ಕಿ, ಎರಡೂ ಮಣ್ಣು ಹಾಗೂ ಕಲ್ಲುಗಾರೆಯವು. ಕಲ್ಲಿನ ಕಟ್ಟೆಗೆ ಅಚ್ಚು ಬೇಡ. ಹೊರಮೈಯ ಕಲ್ಲುಗಳನ್ನು ಮೊದಲು ಕೂರಿಸಿದರೆ ಒಳಗಿನ ಗಾರೆಯನ್ನು ಅವೇ ತಡೆದು ಹಿಡಿಯುತ್ತವೆ. ಇದನ್ನು ಹಿಂದುಳಿದ ಪದ್ಧತಿ ಎನ್ನುವುದು ತಪ್ಪು. ಕಲ್ಲೂ ಕೂಲಿಯೂ ಧಾರಾಳವಿದ್ದು ಸಿಮೆಂಟ್ ದುಬಾರಿಯಾಗಿದ್ದ ಕಾಲಕ್ಕೆ ತಕ್ಕ ಲೆಕ್ಕಾಚಾರ ಅದು. ನೆರೆಯ ಉತ್ತರ ಕನ್ನಡದ ಸೂಪಾದಲ್ಲಿ ಲೆಕ್ಕ ಬದಲಾಯಿತು. ಕಾಳಿ ನದಿಗೆ ಅಡ್ಡಲಾಗಿ ಎದ್ದ 101 ಮೀಟರ್ ಎತ್ತರದ ಆ ಕಟ್ಟೆ ಕಾಂಕ್ರೀಟಿನದು. ಇಂಥ ಕಟ್ಟೆಗಳಲ್ಲಿ ಕೆಳಗಿನ ಪದರದಲ್ಲಿ ಹುದುಗಿಸಿದ ಬೋಲ್ಟುಗಳೇ ಮೇಲಿನ ಅಚ್ಚನ್ನು ಹೊರುತ್ತವೆ.

ಏರುವ ಅಚ್ಚಿನ ಮೂಲ ದವಸದ ಕಣಜದಲ್ಲಿದೆ. ಅಮೆರಿಕದ ಮಿನಿಯಾಪೊಲಿಸ್ ಬಳಿ 1899-1900ರಲ್ಲಿ ಕಾಂಕ್ರೀಟ್ ಕಣಜವೊಂದನ್ನು ಮರದ ಅಚ್ಚನ್ನು ಏರಿಸುತ್ತಾ ಕಟ್ಟಿದರು. ಮುಂದೆ ಎರಡು ದಾರಿಗಳಾದವು. ಸ್ಲಿಪ್‌ಫಾರ್ಮ್‌ನಲ್ಲಿ ಒಂದು ಮೀಟರಿಗೆ ತುಸು ಹೆಚ್ಚು ಎತ್ತರದ ಅಚ್ಚನ್ನು ಜಾಕುಗಳು ಹಗಲಿರುಳೂ ಗಂಟೆಗೆ ಕೆಲವು ಅಂಗುಲದಂತೆ ಎತ್ತುತ್ತವೆ. ಚಿಮಣಿ, ಸೈಲೋಗಳಿಗೆ ಇದು ಹೇಳಿ ಮಾಡಿಸಿದ ವಿಧಾನ. ಕ್ಲೈಂಬಿಂಗ್ ಫಾರ್ಮ್‌ವರ್ಕ್‌ನಲ್ಲಿ ಮೂರು-ನಾಲ್ಕು ಮೀಟರ್ ಸುರಿದು, ಕಾಂಕ್ರೀಟ್ ಭಾರ ತಾಳುವಷ್ಟು ಗಟ್ಟಿಯಾದ ಮೇಲೆ ಅಚ್ಚನ್ನು ಹಿಂದಕ್ಕೆ ಸರಿಸಿ, ಕ್ರೇನಿನಿಂದಲೋ ಹೈಡ್ರಾಲಿಕ್ ಜಾಕಿನಿಂದಲೋ ಮೇಲಿನ ಹಂತಕ್ಕೆ ಏರಿಸಿ ಕೂರಿಸುತ್ತಾರೆ. ಕೆಲಸಗಾರರು ನಿಲ್ಲುವ ಅಟ್ಟಣಿಗೆಯೂ ಜೊತೆಗೇ ಏರುವುದರಿಂದ ಪ್ರತ್ಯೇಕ ಸಾರವೆ ಕಟ್ಟುವ ಕೆಲಸ ಬಹುಪಾಲು ತಪ್ಪುತ್ತದೆ. 1949ರಲ್ಲಿ ಜರ್ಮನಿಯ ಹಾನ್ಸ್ ಲೀಬ್‌ಹೆರ್ ಸಾಗಿಸಿ ಜೋಡಿಸಬಹುದಾದ ಟವರ್ ಕ್ರೇನ್ ರೂಪಿಸಿದ ಮೇಲೆ ಭಾರ ಎತ್ತುವುದೂ ಸುಲಭವಾಯಿತು.

ಎತ್ತರದ ಕಟ್ಟಡಗಳು ನಮ್ಮ ರಾಜ್ಯಕ್ಕೂ ಬಂದವು: ಬೆಂಗಳೂರಿನಲ್ಲಿ 1970ರ ದಶಕದಲ್ಲೇ ಎಂ.ಜಿ. ರಸ್ತೆಯ 25 ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡ ಎದ್ದಿತು. ಆದರೆ ಎಲ್ಲ ಎತ್ತರಕ್ಕೂ ಏರುವ ಅಚ್ಚು ಒಗ್ಗುವುದಿಲ್ಲ ಎನ್ನಿ: ಶಿವಮೊಗ್ಗದ ಕಾಶೀನಾಥ್ ಮತ್ತು ಸಂಗಡಿಗರು ಮುರುಡೇಶ್ವರದಲ್ಲಿ ರೂಪಿಸಿದ 123 ಅಡಿಯ ಶಿವನ ಜಡೆ, ತೋಳುಗಳಿಗೆ ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಲಾಗದು.

ಶಿವಮೊಗ್ಗ ಜಿಲ್ಲೆಯಲ್ಲಿ ಭಾರ ಎತ್ತುವ ಕೆಲಸ ಈಚೆಗೆ ದೊಡ್ಡದಾಗಿ ನಡೆದದ್ದು ಶರಾವತಿ ಹಿನ್ನೀರಿನಲ್ಲಿ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಕೇಬಲ್‌ಗಳು ಹೊರುವ ಈ ಸೇತುವೆಯ ಕೆಳಗಿನ ನೀರು ಲಿಂಗನಮಕ್ಕಿಯ ಕಲ್ಲುಕಟ್ಟೆ ತಡೆದು ನಿಲ್ಲಿಸಿದ್ದು.