ಆ ಐದು ಕಪ್ ನಮ್ಮವೂ ಹೌದು

ಯಾದಗಿರಿ ಮೈದಾನದಾಗ ಹುಡುಗರ ಫುಟ್‌ಬಾಲ್ ಮ್ಯಾಚಿಗೆ ನಿಂತು ನಾನು ಕೂಗ್ತಿದ್ರೆ ಗೆಳೆಯರಿಗೆ ನಗು. ‘ನಮ್ಮ ಕಡಿ ಫುಟ್‌ಬಾಲ್ ಎಲ್ಲಿಂದ ಬಂತಲೇ?’

ಯಾಕಿಲ್ಲ? 1956ರ ನವೆಂಬರ್ 1ರ ತನಕ ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದ್ ರಾಜ್ಯದವು. 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್, ಅಂದ್ರೆ, ನಮ್ಮದೇ ರಾಜಧಾನಿಯ ತಂಡ. ಗಡಿ ಸರೀತು ಅಂತ ಅದನ್ನ ಬಿಟ್ಟುಕೊಡೋಕೆ ನಾನಂತೂ ಒಪ್ಪಲ್ಲ.

ನಾವು ಮೈಸೂರು ರಾಜ್ಯ ಸೇರಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನ 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ಕೋಚ್, ಅದೇ ಪೊಲೀಸ್ ತಂಡವನ್ನ ಕಟ್ಟಿದ ಸೈಯದ್ ಅಬ್ದುಲ್ ರಹೀಮ್. ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಮಾತ್ರ ಮುಂಬೈಯಲ್ಲಿ ಆಡ್ತಿದ್ದವರು. ಅವರನ್ನ ನಮ್ಮ ಲೆಕ್ಕಕ್ಕೆ ಹಾಕೋಕೆ ಆಗಲ್ಲ ಬಿಡ್ರಿ.