ಚುಕ್ಕಿಯಿಂದ ಹುಟ್ಟಿದ ಅಕ್ಷರ

ಕಂಪ್ಯೂಟರ್ ಪರದೆಯೆಂದರೆ ಚುಕ್ಕಿಗಳ ಚೌಕುಳಿ. ಅಕ್ಷರದ ಬಾಗುಗೆರೆ ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅಂಚಿಗೆ ಬೂದುಬಣ್ಣ ಸವರಿ ಈ ಒರಟನ್ನು ಮರೆಸುವ ಉಪಾಯವೇನೋ ಇತ್ತು. ಆದರೆ 1990ರ ದಶಕದ ಪರದೆಗಳಲ್ಲಿ ಸಣ್ಣಕ್ಷರಗಳು ಅದರಿಂದ ಮಸುಕಾಗಿ ಓದುಗರ ಕಣ್ಣು ದಣಿಯುತ್ತಿತ್ತು.

ಮೈಕ್ರೋಸಾಫ್ಟ್‌ಗಾಗಿ ವರ್ಡಾನಾ ಅಕ್ಷರಗಳನ್ನು ರೂಪಿಸಿದ ಮ್ಯಾಥ್ಯೂ ಕಾರ್ಟರ್ ಹಿಡಿದದ್ದು ತಿರುವುಮುರುವಾದ ದಾರಿ. ಮೊದಲು ನಯವಾದ ರೇಖೆ ಬರೆದು, ಆಮೇಲೆ ಅದನ್ನು ಚುಕ್ಕಿಗಳಿಗೆ ಒಗ್ಗಿಸುವುದು ರೂಢಿ. ಕಾರ್ಟರ್ ಮೊದಲು ಚುಕ್ಕಿಗಳನ್ನೇ ಜೋಡಿಸಿ, ಅವುಗಳಿಗೆ ಹೊಂದುವಂತೆ ರೇಖೆ ಎಳೆದರು. ಇಂಗ್ಲಿಷಿನ ದೊಡ್ಡ 'ಐ', ಸಣ್ಣ 'ಎಲ್' ಪರದೆಯಲ್ಲಿ ಒಂದೇ ಕಡ್ಡಿಯಂತೆ ಕಾಣುವವು. 'ಐ'ಗೆ ಮೇಲೂ ಕೆಳಗೂ ಅಡ್ಡಪಟ್ಟಿ ಬಂತು. ಯಾವ ಅಳತೆಗೆ ಯಾವ ಚುಕ್ಕಿ ಮೂಡಬೇಕೆಂಬ ಸೂಚನೆಗಳನ್ನು ಟಾಮ್ ರಿಕ್ನರ್ ಕೈಯಾರೆ ಬರೆದರು. 1996ರಲ್ಲಿ ವರ್ಡಾನಾ ಹೊರಬಂತು.

ಸೋಜಿಗವೆಂದರೆ, ಕಾರ್ಟರ್ ಕಸುಬು ಕಲಿತದ್ದು 1950ರ ದಶಕದಲ್ಲಿ, ಹಾಲೆಂಡಿನ ಹಾರ್ಲೆಮ್‌ನ ಅಚ್ಚುಕೂಟವೊಂದರಲ್ಲಿ, ಉಕ್ಕಿನ ತುದಿಯಲ್ಲಿ ಅಕ್ಷರ ಕೆತ್ತುತ್ತ. ಅಲ್ಲಿಯೂ ಬೂದುಬಣ್ಣದ ಆಸರೆ ಇರಲಿಲ್ಲ.